ಅಂಗದ ರಚನೆ, ಅಂಗದ ಕಾಯಕ
(ಹಾಸಿಗೆ ಹಿಡಿದವರನ್ನು ನೋಡಿಕೊಳ್ಳುವವರಿಗೆ ಒಂದು ಪಾಠ)



ವಾರ್ಡಿನಲ್ಲಿ ನಮ್ಮ ಸಿಸ್ಟರ್‌ಗಳು ನಿಮಗೆ ದಿನಕ್ಕೆ ಹತ್ತಾರು ಬಾರಿ ಏನಾದರೊಂದು ಹೇಳುತ್ತಲೇ ಇರುತ್ತಾರೆ. "ಮಲಗಿಸಿ ನೀರು ಹಾಕಬ್ಯಾಡ್ರಿ", "ಅಜ್ಜಾರ ಮಗ್ಗಲಾ ಬದಲಿಸ್ರಿ", "ಪಾದ ಅಲ್ಲಾಡಿಸ್ರಿ", "ಆ ಕಾಲು ತಿಕ್ಕಬ್ಯಾಡ್ರಿ". ಹೇಳುವವರಿಗೆ ಅವಸರ, ಕೇಳುವವರಿಗೆ ಗಾಬರಿ. ಏಕೆ ಎಂದು ಕೇಳಲು ಯಾರಿಗೂ ಪುರುಸೊತ್ತು ಇರುವುದಿಲ್ಲ. ಕಾರಣ ತಿಳಿಯದೆ ಕೇಳಿದ ಮಾತು ಸಿಸ್ಟರ್ ಆಚೆ ಹೋದ ಕೂಡಲೇ ಮರೆತುಹೋಗುತ್ತದೆ. ಡಿಸ್ಚಾರ್ಜ್ ಆಗಿ ಮನೆಗೆ ಹೋದ ಮೇಲಂತೂ ನೆನಪಿರುವುದೇ ಇಲ್ಲ. ಆದ್ದರಿಂದ ಈ ಪಾಠದಲ್ಲಿ ನಿಯಮಗಳಿಗಿಂತ ಕಾರಣಗಳಿಗೆ ಹೆಚ್ಚು ಜಾಗ ಕೊಟ್ಟಿದ್ದೇನೆ.

ಈ ಎಲ್ಲ ಮಾತುಗಳ ಬೇರು ಒಂದೇ: ದೇಹದ ಯಾವ ಭಾಗಕ್ಕೆ ಯಾವ ಕೆಲಸವಿದೆಯೋ ಆ ಕೆಲಸಕ್ಕೆ ತಕ್ಕ ರಚನೆ ಅದಕ್ಕಿದೆ. ಒಕ್ಕಲುತನದ ಮನೆಯವರಿಗೆ ಇದು ಹೊಸ ಮಾತಲ್ಲ. ಮೇಲೆ ಬಟ್ಟಲು, ಅದರಿಂದ ನೆಲಕ್ಕೆ ಇಳಿದ ಕೊಳವೆಗಳು. ಕೂರಿಗೆಯನ್ನು ಕಂಡರೆ ಸಾಕು, ಇದು ಬಿತ್ತುವ ಸಾಧನ ಎಂದು ತಿಳಿಯುತ್ತದೆ. ಅಡ್ಡ ಅಲಗು ಇರುವ ಕುಂಟೆಯನ್ನು ಕಂಡರೆ ಹರಗುವುದು ನೆನಪಾಗುತ್ತದೆ. ಕುಂಟೆಯಿಂದ ಬಿತ್ತಲಾಗದು, ಕೂರಿಗೆಯಿಂದ ಹರಗಲಾಗದು. ಕಾಯದಿಂದ ಮಾಡುವುದು ಕಾಯಕ ಎಂದು ಶರಣರ ನಾಡಿನಲ್ಲಿ ಬೆಳೆದ ನಾವು ಕೇಳಿದ್ದೇವೆ. ಆ ಕಾಯದ ಒಳಗಿನ ಒಂದೊಂದು ಅಂಗಕ್ಕೂ ಒಂದೊಂದು ಕಾಯಕವಿದೆ, ಅದಕ್ಕೆ ಒಪ್ಪುವ ಆಕಾರವೂ ಇದೆ.

ಮನುಷ್ಯನ ದೇಹ ಹೆಚ್ಚಾಗಿ ನಿಲ್ಲುವುದಕ್ಕೆ, ನಡೆಯುವುದಕ್ಕೆ, ಕುಳಿತು ಉಣ್ಣುವುದಕ್ಕೆ ಒಪ್ಪುವಂತೆ ಇದೆ. ರಾತ್ರಿ ಮಲಗಿದಾಗಲೂ ನಾವು ಗೊತ್ತಿಲ್ಲದಂತೆಯೇ ಹತ್ತಾರು ಸಲ ಹೊರಳುತ್ತೇವೆ. ಲಕ್ವ ಹೊಡೆದಾಗ, ತೊಡೆಯ ಎಲುಬು ಮುರಿದಾಗ, ದೊಡ್ಡ ಆಪರೇಶನ್ ಆದಾಗ ಇದೇ ದೇಹ ಹಗಲು ರಾತ್ರಿ ಅಂಗಾತ ಮಲಗಬೇಕಾಗುತ್ತದೆ. ಅಂಗಗಳ ರಚನೆ ಮೊದಲಿನಂತೆಯೇ ಇರುತ್ತದೆ, ಆದರೆ ಅವುಗಳ ಮೇಲೆ ಬೀಳುವ ಕೆಲಸ ಬದಲಾಗುತ್ತದೆ. ಬಂದ ಕಾಯಿಲೆಗಿಂತ ಮಲಗಿದ್ದರಿಂದ ಆಗುವ ತೊಂದರೆಯೇ ದೊಡ್ಡದಾದ ಉದಾಹರಣೆಗಳು ಕಡಿಮೆ ಇಲ್ಲ. ಅವುಗಳಲ್ಲಿ ಬಹಳಷ್ಟನ್ನು ತಡೆಯುವುದು ಹಾಸಿಗೆಯ ಪಕ್ಕದಲ್ಲಿ ಕುಳಿತ ನಿಮ್ಮ ಕೈಯಲ್ಲಿದೆ.

ಗಂಟಲು: ಎರಡು ದಾರಿ ಕೂಡುವ ಸ್ಥಳ

ಮೊದಲು ಗಂಟಲಿನ ವಿಷಯ. ವಾರ್ಡಿನಲ್ಲಿ ಸಿಸ್ಟರ್‌ಗಳಿಗೂ ಬಂಧುಗಳಿಗೂ ಹೆಚ್ಚು ಜಗಳವಾಗುವುದು ಇಲ್ಲಿಯೇ.

ಈಗ ನಿಮ್ಮ ಬೆರಳನ್ನು ಗಂಟಲಿನ ಮುಂಭಾಗದಲ್ಲಿ ಉಬ್ಬಿರುವ ಗಟ್ಟಿ ಭಾಗದ ಮೇಲೆ ಮೆಲ್ಲಗೆ ಇಟ್ಟು, ಒಮ್ಮೆ ಉಗುಳು ನುಂಗಿರಿ. ಅದು ಮೇಲಕ್ಕೆ ಹೋಗಿ ಮತ್ತೆ ಕೆಳಗೆ ಬಂದದ್ದು ತಿಳಿಯುತ್ತದೆ. ಅದು ಧ್ವನಿಪೆಟ್ಟಿಗೆ. ಅದರ ಕೆಳಗೆ ಶ್ವಾಸನಾಳ, ಹಿಂದುಗಡೆ ಅನ್ನನಾಳ. ಮೂಗಿನಿಂದ ಬಂದ ಗಾಳಿ ಮುಂದಿನ ನಾಳಕ್ಕೆ ಹೋಗಬೇಕು, ಬಾಯಿಯಿಂದ ಬಂದ ಅನ್ನ ಹಿಂದಿನ ನಾಳಕ್ಕೆ ಹೋಗಬೇಕು. ಅಂದರೆ ಗಂಟಲಿನಲ್ಲಿ ಎರಡೂ ದಾರಿಗಳು ಒಂದನ್ನೊಂದು ದಾಟುತ್ತವೆ. ರೈಲ್ವೆ ಗೇಟಿನಲ್ಲಿ ರೈಲು ಬರುವಾಗ ರಸ್ತೆಯನ್ನು ಮುಚ್ಚುವಂತೆ, ನುಂಗುವ ಹೊತ್ತಿಗೆ ಗಾಳಿಯ ದಾರಿ ಮುಚ್ಚಲೇಬೇಕು. ಧ್ವನಿಪೆಟ್ಟಿಗೆ ಮೇಲೆದ್ದು ನಾಲಿಗೆಯ ಬುಡದ ಅಡಿಗೆ ಸೇರುತ್ತದೆ, ಎಪಿಗ್ಲಾಟಿಸ್ ಎಂಬ ಮುಚ್ಚಳ ಅದರ ಮೇಲೆ ಬಾಗುತ್ತದೆ, ಒಳಗೆ ಧ್ವನಿತಂತುಗಳು ಬಿಗಿಯಾಗಿ ಕೂಡಿಕೊಳ್ಳುತ್ತವೆ, ಉಸಿರು ಕ್ಷಣಕಾಲ ನಿಲ್ಲುತ್ತದೆ. (ಬಾಯಿ ತೆರೆದಾಗ ಹಿಂದೆ ಜೋತಾಡುವ ಕಿರುನಾಲಿಗೆ ಬೇರೆ, ಈ ಮುಚ್ಚಳ ಬೇರೆ. ಇದು ಹೊರಗಿನಿಂದ ಕಾಣುವುದಿಲ್ಲ.) ಇಷ್ಟೆಲ್ಲ ನಡೆಯುವುದು ಸುಮಾರು ಒಂದು ಸೆಕೆಂಡಿನೊಳಗೆ. ಹತ್ತಾರು ಸ್ನಾಯುಗಳು ಒಂದಾದ ಮೇಲೊಂದರಂತೆ ತಪ್ಪದೆ ಕೆಲಸ ಮಾಡಿದರೆ ಮಾತ್ರ ಒಂದು ಗುಟುಕು ಸರಿಯಾದ ದಾರಿಗೆ ಇಳಿಯುತ್ತದೆ.

ಲಕ್ವ ಹೊಡೆದವರಲ್ಲಿ ಕೈ ಕಾಲು ಬಿದ್ದಂತೆಯೇ ಗಂಟಲಿನ ಸ್ನಾಯುಗಳೂ ಬಲ ಕಳೆದುಕೊಂಡಿರಬಹುದು. ಕೈ ಬಿದ್ದದ್ದು ಕಣ್ಣಿಗೆ ಕಾಣುತ್ತದೆ, ಗಂಟಲು ಬಿದ್ದದ್ದು ಕಾಣುವುದಿಲ್ಲ. ಅರೆಪ್ರಜ್ಞೆಯಲ್ಲಿರುವವರಿಗೆ ಗೇಟು ಮುಚ್ಚುವ ಎಚ್ಚರವೇ ಇರುವುದಿಲ್ಲ. ಅಂಥವರಿಗೆ ಹಾಕಿದ ನೀರು ಶ್ವಾಸನಾಳಕ್ಕೆ ಇಳಿದು, ಶ್ವಾಸಕೋಶ ಸೇರಿ, ನ್ಯುಮೋನಿಯಾ ಆಗುತ್ತದೆ. ಲಕ್ವದಿಂದ ಉಳಿದುಕೊಂಡವರು ಇದರಿಂದ ಪ್ರಾಣ ಬಿಡುವುದುಂಟು.

"ಅನ್ನ ಬೇಡ ಎಂದರೆ ಸರಿ, ಬರೀ ನೀರಲ್ಲವೇ ಸಿಸ್ಟರ್, ಎರಡು ಚಮಚ" ಎಂದು ಕೇಳುವವರು ಬಹಳ. ಇಲ್ಲಿ ನಮ್ಮ ಅಂದಾಜು ತಲೆಕೆಳಗಾಗಿರುತ್ತದೆ. ಬಲ ಕಡಿಮೆಯಾದ ಗಂಟಲಿಗೆ ನೀರೇ ಹೆಚ್ಚು ಕಷ್ಟ. ಗಟ್ಟಿಯಾದ ಗಂಜಿ ನಾಲಿಗೆಯ ಮೇಲೆ ಮುದ್ದೆಯಾಗಿ ನಿಲ್ಲುತ್ತದೆ, ನಿಧಾನವಾಗಿ ಜಾರುತ್ತದೆ, ಗೇಟು ಮುಚ್ಚಲು ಸಮಯ ಕೊಡುತ್ತದೆ. ನೀರು, ಎಳನೀರು, ಚಹಾ ಸರ್ರನೆ ಹರಿಯುತ್ತವೆ. ಗೇಟು ಮುಚ್ಚುವ ಮೊದಲೇ ಅವು ಅಲ್ಲಿಗೆ ತಲುಪಿರುತ್ತವೆ. ಆದ್ದರಿಂದಲೇ ನುಂಗುವ ಪರೀಕ್ಷೆ ಆಗುವವರೆಗೆ ಲಕ್ವದ ರೋಗಿಗೆ ಬಾಯಿಂದ ಏನನ್ನೂ ಕೊಡಬಾರದು ಎನ್ನುತ್ತೇವೆ. ಪರೀಕ್ಷೆ ಮಾಡಿದ ಮೇಲೆ ಎಷ್ಟು ಗಟ್ಟಿಯಾದ ಆಹಾರ, ಎಷ್ಟು ಪ್ರಮಾಣ ಎಂದು ಹೇಳುತ್ತಾರೆ. ಒಬ್ಬರಿಗೆ ಹೇಳಿದ್ದನ್ನು ಪಕ್ಕದ ಹಾಸಿಗೆಯವರಿಗೆ ಅನ್ವಯಿಸಬೇಡಿ.

ಇನ್ನೊಂದು ಸೂಕ್ಷ್ಮ ವಿಷಯವನ್ನು ಇಲ್ಲಿಯೇ ಹೇಳಿಬಿಡುತ್ತೇನೆ. ನಮ್ಮ ಮನೆಗಳಲ್ಲಿ ಹಿರಿಯರಿಗೆ ಹೆಚ್ಚಾದಾಗ ಪಾದೋದಕ ತಂದು ಬಾಯಿಗೆ ಹಾಕುತ್ತಾರೆ. ಆ ಭಕ್ತಿಗೆ ಅಡ್ಡ ಬರುವುದು ನಮ್ಮ ಉದ್ದೇಶವಲ್ಲ. ಪ್ರಜ್ಞೆ ಸರಿಯಿಲ್ಲದವರಿಗೆ ಚಮಚದಿಂದ ಸುರಿಯದೆ, ಬೆರಳನ್ನು ಅದ್ದಿ ತುಟಿಗೆ ಸವರಿರಿ, ಹಣೆಗೆ ಹಚ್ಚಿರಿ. ಒಂದು ಚಮಚ ಪಾದೋದಕವೂ ತಪ್ಪು ದಾರಿಗೆ ಇಳಿದರೆ ಶ್ವಾಸಕೋಶಕ್ಕೆ ಅದು ನೀರೇ.

ಬಾಯಿಂದ ಊಟ ಕೊಡಬಹುದು ಎಂದು ಹೇಳಿದ ಮೇಲೆ ಹೇಗೆ ಕೊಡಬೇಕು? ರೋಗಿಯನ್ನು ಪೂರ್ತಿ ಎಬ್ಬಿಸಿ ಕೂರಿಸಿರಿ. ನಿದ್ದೆಯ ಮಂಪರಿನಲ್ಲಿದ್ದರೆ ಊಟ ಆಮೇಲೆ. ತಲೆಯನ್ನು ಹಿಂದಕ್ಕೆ ವಾಲಿಸಬೇಡಿ. ಉಸಿರು ನಿಂತವರಿಗೆ ಕೃತಕ ಉಸಿರಾಟ ಕೊಡುವಾಗ ನಾವು ತಲೆಯನ್ನು ಹಿಂದಕ್ಕೆ ಬಾಗಿಸುತ್ತೇವೆ, ಏಕೆಂದರೆ ಆಗ ಗಾಳಿಯ ದಾರಿ ಅಗಲವಾಗಿ ತೆರೆಯುತ್ತದೆ. ಊಟ ಮಾಡಿಸುವಾಗ ನಮಗೆ ಬೇಕಾದದ್ದು ಅದಕ್ಕೆ ವಿರುದ್ಧ. ಸಣ್ಣ ಚಮಚ, ಒಮ್ಮೆಗೆ ಅರ್ಧ ಚಮಚ. ನುಂಗಿದ್ದು ಖಚಿತವಾದ ಮೇಲೆಯೇ ಮುಂದಿನ ತುತ್ತು. ನಿಂತುಕೊಂಡು ತಿನ್ನಿಸಿದರೆ ರೋಗಿ ತಲೆಯೆತ್ತಿ ನೋಡಬೇಕಾಗುತ್ತದೆ, ಆದ್ದರಿಂದ ನೀವೂ ಎದುರಿಗೆ ಕುಳಿತೇ ತಿನ್ನಿಸಿರಿ. ಬಲ ಕಡಿಮೆಯಾದ ಕೆನ್ನೆಯ ಒಳಗೆ ಅನ್ನ ಉಳಿದುಕೊಳ್ಳುತ್ತದೆ, ಅವರಿಗೆ ಅದರ ಅರಿವಿರುವುದಿಲ್ಲ. ಕೊನೆಗೆ ಬಾಯಿ ತೆರೆಸಿ ನೋಡಿ ತೆಗೆಯಿರಿ. ಊಟವಾದ ಮೇಲೆ ಅರ್ಧ ಗಂಟೆಯಾದರೂ ಕುಳಿತೇ ಇರಲಿ.

ಊಟದ ನಡುವೆ ಕೆಮ್ಮು ಬಂದರೆ, ಕಣ್ಣಲ್ಲಿ ನೀರು ಬಂದರೆ, ಮಾತಾಡಿಸಿದಾಗ ಗಂಟಲಿನಲ್ಲಿ ನೀರು ಗುಳುಗುಳು ಎಂದಂತೆ ಧ್ವನಿ ಕೇಳಿದರೆ ಅಲ್ಲಿಗೆ ನಿಲ್ಲಿಸಿ ಸಿಸ್ಟರ್‌ಗೆ ಹೇಳಿರಿ. ಕೆಮ್ಮು ಬರಲಿಲ್ಲ ಎಂದರೆ ಎಲ್ಲ ಸರಿ ಇದೆ ಎಂದೂ ಅಲ್ಲ. ಗಂಟಲಿನ ಸ್ಪರ್ಶಜ್ಞಾನ ಹೋದವರಲ್ಲಿ ನೀರು ತಪ್ಪು ದಾರಿಗೆ ಇಳಿದರೂ ಕೆಮ್ಮೇ ಬರುವುದಿಲ್ಲ. ಎರಡು ದಿನದ ಮೇಲೆ ಜ್ವರ, ಏದುಸಿರು ಕಾಣಿಸಿಕೊಳ್ಳುತ್ತದೆ.

ಮೂಗಿನಿಂದ ಜಠರಕ್ಕೆ ನಳಿಗೆ ಹಾಕಿದವರ ವಿಷಯದಲ್ಲಿ ಬಂಧುಗಳು ನಿಶ್ಚಿಂತೆಯಿಂದ ಇರುತ್ತಾರೆ. ನಳಿಗೆ ಇದೆಯಲ್ಲ, ಇನ್ನೇನು ಭಯ ಎನ್ನುತ್ತಾರೆ. ಆದರೆ ಅನ್ನನಾಳ ಜಠರವನ್ನು ಸೇರುವಲ್ಲಿ ಬಿಗಿದುಕೊಳ್ಳುವ ಸ್ನಾಯುವಿನ ಉಂಗುರವೊಂದಿದೆ. ಅದರ ಕಾಯಕ ಜಠರದಲ್ಲಿದ್ದದ್ದು ಮೇಲೆ ಬರದಂತೆ ತಡೆಯುವುದು. ನಳಿಗೆ ಅದರ ನಡುವೆಯೇ ಹಾದುಹೋಗುವುದರಿಂದ ಉಂಗುರ ಪೂರ್ತಿ ಮುಚ್ಚಿಕೊಳ್ಳಲಾರದು. ಅಂಗಾತ ಮಲಗಿಸಿ ಹಾಲು ಹಾಕಿದರೆ ಅದು ನಳಿಗೆಯ ಪಕ್ಕದಿಂದ ಹಿಂದಕ್ಕೆ ಬಂದು ಶ್ವಾಸನಾಳ ಸೇರಬಹುದು. ಆದ್ದರಿಂದ ನಳಿಗೆಯ ಊಟಕ್ಕೂ ಮಂಚದ ತಲೆಭಾಗ 30 ರಿಂದ 45 ಡಿಗ್ರಿಯಷ್ಟು ಎತ್ತರದಲ್ಲಿರಬೇಕು. ಮನೆಯಲ್ಲಿ ಎತ್ತುವ ಮಂಚ ಇರುವುದಿಲ್ಲ ಎನ್ನಬೇಡಿ. ಕಟ್ಟಿಗೆಯ ಕುರ್ಚಿಯೊಂದನ್ನು ಬೋರಲಾಗಿ ಹಾಸಿಗೆಯ ತಲೆಯ ಕಡೆ ಇಟ್ಟರೆ ಅದರ ಬೆನ್ನು ಇಳಿಜಾರಾಗಿ ನಿಲ್ಲುತ್ತದೆ. ಅದರ ಮೇಲೆ ದಿಂಬು, ಮಡಚಿದ ಕೌದಿ ಹಾಕಿದರೆ ಒರಗಲು ಸರಿಯಾದ ಆಸರೆ. ಕುರ್ಚಿ ಜಾರದಂತೆ ಗೋಡೆಗೆ ತಾಗಿಸಿ ಇಡಬೇಕು.

ಬಾಯಿಂದ ಊಟವಿಲ್ಲದವರ ಬಾಯಿಯನ್ನು ಸ್ವಚ್ಛ ಮಾಡುವುದು ಬೇಡವೆಂದು ಹಲವರು ಬಿಟ್ಟಿರುತ್ತಾರೆ. ಉಗುಳು ಊರುವುದು ನಿಲ್ಲುವುದಿಲ್ಲ, ಅದು ತಪ್ಪು ದಾರಿಗೆ ಇಳಿಯುವುದೂ ನಿಲ್ಲುವುದಿಲ್ಲ. ಹೊಲಸು ಬಾಯಿಯ ಉಗುಳಿನ ಜೊತೆ ರೋಗಾಣುಗಳೂ ಇಳಿಯುತ್ತವೆ. ದಿನಕ್ಕೆ ಎರಡು ಸಲವಾದರೂ ಹಲ್ಲು, ನಾಲಿಗೆ ಒರೆಸಬೇಕು.

ಜೊತೆಗೆ ಮಕ್ಕಳನ್ನು ಕರೆತಂದವರಿಗೆ ಒಂದು ಮಾತು. ಶ್ವಾಸನಾಳ ಎದೆಯೊಳಗೆ ಎರಡಾಗಿ ಕವಲೊಡೆಯುತ್ತದೆ. ಬಲಗಡೆಯ ಕವಲು ಎಡಗಡೆಯದಕ್ಕಿಂತ ಅಗಲ, ಹೆಚ್ಚು ನೇರ. ದೊಡ್ಡವರಲ್ಲಿ ತಪ್ಪಿ ಇಳಿದ ವಸ್ತು ಹೆಚ್ಚಾಗಿ ಬಲ ಶ್ವಾಸಕೋಶಕ್ಕೇ ಹೋಗುವುದು ಇದರಿಂದ. ಸಣ್ಣ ಮಕ್ಕಳಲ್ಲಿ ಎರಡೂ ಕಡೆ ಹೋಗಬಹುದು. ಮೂರು ನಾಲ್ಕು ವರ್ಷದೊಳಗಿನ ಕೂಸಿಗೆ ಅರೆಯುವ ಹಲ್ಲುಗಳು ಸರಿಯಾಗಿ ಬಂದಿರುವುದಿಲ್ಲ, ಶ್ವಾಸನಾಳವೂ ಸಣ್ಣದು. ಅವರ ಕೈಗೆ ಇಡೀ ಶೇಂಗಾ ಕಾಳು, ಪುಟಾಣಿ ಕೊಟ್ಟು ವಾರ್ಡಿನಲ್ಲಿ ಓಡಾಡಲು ಬಿಡಬೇಡಿ.

ಶ್ವಾಸಕೋಶ: ಹರಡಿಕೊಂಡಷ್ಟೂ ಲಾಭ

ಶ್ವಾಸಕೋಶವೆಂದರೆ ಎರಡು ಖಾಲಿ ಚೀಲಗಳೆಂದು ತಿಳಿಯಬೇಡಿ. ಒಳಗೆ ಕವಲು ಕವಲಾಗಿ ಸಾಗಿ ಕೊನೆಗೆ ಕೋಟಿಗಟ್ಟಲೆ ಪುಟ್ಟ ಗಾಳಿಗೂಡುಗಳಿವೆ. ಇವುಗಳ ಸಂಖ್ಯೆ ಸುಮಾರು 30 ರಿಂದ 50 ಕೋಟಿ. ಬಿಡಿಸಿ ಹಾಸಲು ಸಾಧ್ಯವಾದರೆ ಸುಮಾರು 70 ಚದರ ಮೀಟರ್, ಅಂದರೆ ಒಂದು ಸಾಧಾರಣ ಮನೆಯ ನೆಲದಷ್ಟು. ಗೂಡಿನ ಗೋಡೆ ಎಷ್ಟು ತೆಳುವೆಂದರೆ ಒಳಗಿನ ಗಾಳಿಗೂ ಹೊರಗಿನ ರಕ್ತಕ್ಕೂ ನಡುವೆ ಒಂದು ಮಿಲಿಮೀಟರಿನ ಸಾವಿರದ ಒಂದು ಭಾಗದಷ್ಟೂ ಅಂತರವಿಲ್ಲ. ಆಮ್ಲಜನಕ ಸುಲಭವಾಗಿ ದಾಟಬೇಕಾದರೆ ಜಾಗ ವಿಶಾಲವಾಗಿರಬೇಕು, ಗೋಡೆ ತೆಳುವಾಗಿರಬೇಕು. ಎರಡೂ ಇವೆ.

ಆದರೆ ತೆಳು ಗೋಡೆಯ ಗೂಡು ಗಾಳಿ ತುಂಬದಿದ್ದರೆ ಮುದುಡಿಕೊಳ್ಳುತ್ತದೆ. ಅಂಗಾತ ಮಲಗಿದಾಗ ಹೊಟ್ಟೆಯ ಅಂಗಗಳು ಎದೆಯ ಕೆಳಗಿನ ವಪೆಯನ್ನು ಮೇಲಕ್ಕೆ ದೂಡುತ್ತವೆ, ಶ್ವಾಸಕೋಶದ ಹಿಂಭಾಗ ಭಾರಕ್ಕೆ ಒತ್ತಿಕೊಳ್ಳುತ್ತದೆ. ಹೊಟ್ಟೆಯ ಆಪರೇಶನ್ ಆದವರು ಹೊಲಿಗೆಯ ನೋವಿಗೆ ಅಂಜಿ ಮೇಲಿಂದ ಮೇಲೆ ಸಣ್ಣ ಉಸಿರು ತೆಗೆದುಕೊಳ್ಳುತ್ತಾರೆ, ಕೆಮ್ಮುವುದೇ ಇಲ್ಲ. ಮುದುಡಿದ ಗೂಡಿನಲ್ಲಿ ಕಫ ನಿಂತು ಸೋಂಕಾಗುತ್ತದೆ. ದಿಂಬನ್ನು ಹೊಲಿಗೆಯ ಮೇಲೆ ಅಪ್ಪಿ ಹಿಡಿದು ಕೆಮ್ಮಿದರೆ ನೋವು ಕಡಿಮೆ. ಎಚ್ಚರವಿದ್ದಾಗ ಗಂಟೆಗೊಮ್ಮೆ ಹತ್ತು ಸಲ ದೀರ್ಘವಾಗಿ ಉಸಿರು ಎಳೆಯಬೇಕು. ಮೂರು ಗುಂಡುಗಳಿರುವ ಪ್ಲಾಸ್ಟಿಕ್ ಉಪಕರಣ ಕೊಟ್ಟಿದ್ದರೆ ಅದನ್ನು ಊದುವುದಲ್ಲ, ಎಳೆಯುವುದು! ಪೀಪಿಯಂತೆ ಊದಿ ಊದಿ ಸುಸ್ತಾದವರನ್ನು ದಿನಾಲೂ ನೋಡುತ್ತೇವೆ. ಗೂಡು ಅರಳುವುದು ಗಾಳಿ ಒಳಗೆ ಹೋದಾಗ.

ಶ್ವಾಸನಾಳದ ಒಳಗೋಡೆಯ ಮೇಲೆ ಕಣ್ಣಿಗೆ ಕಾಣದಷ್ಟು ಸಣ್ಣ ರೋಮಗಳಿದ್ದು, ಗಾಳಿಗೆ ಜೋಳದ ಹೊಲ ತೊನೆದಂತೆ ಒಂದೇ ದಿಕ್ಕಿಗೆ ಬಾಗುತ್ತ ಕಫವನ್ನು ಮೇಲಕ್ಕೆ ಸಾಗಿಸುತ್ತವೆ. ಬೀಡಿ ಸಿಗರೇಟಿನ ಹೊಗೆ ಇವುಗಳನ್ನು ಹಾಳುಮಾಡುತ್ತದೆ. ಆಪರೇಶನ್‌ಗೆ ಕೆಲವು ವಾರ ಮೊದಲೇ ಬಿಡಿಸಲು ಡಾಕ್ಟರು ಒತ್ತಾಯ ಮಾಡುವುದಕ್ಕೆ ಇದೂ ಒಂದು ಕಾರಣ.

ಕಾಲಿನ ರಕ್ತನಾಳ: ಒಂದೇ ಕಡೆಗೆ ತೆರೆಯುವ ಬಾಗಿಲು

ಊರ ಮಾತಿನಲ್ಲಿ ಚರ್ಮದ ಕೆಳಗೆ ನೀಲಿಯಾಗಿ ಕಾಣುವುದನ್ನೆಲ್ಲ ನರ ಎನ್ನುತ್ತೇವೆ. ಅದು ನರವಲ್ಲ, ಹೃದಯಕ್ಕೆ ರಕ್ತವನ್ನು ಹಿಂದಿರುಗಿಸುವ ರಕ್ತನಾಳ. ಪಠ್ಯಪುಸ್ತಕಗಳಲ್ಲಿ ಅಭಿಧಮನಿ ಎಂದು ಓದಿರುತ್ತೀರಿ. ಇದರೊಳಗೆ ಅಲ್ಲಲ್ಲಿ ಜೇಬಿನಂಥ ಸಣ್ಣ ಕವಾಟಗಳಿವೆ. ಇಟಲಿಯ ಪಡುವಾದಲ್ಲಿ ಪಾಠ ಹೇಳುತ್ತಿದ್ದ ಫ್ಯಾಬ್ರಿಸಿಯಸ್ ಎಂಬ ವೈದ್ಯರು 1603ರಲ್ಲಿ ಈ ಕವಾಟಗಳ ಬಗ್ಗೆ ಚಿತ್ರಸಹಿತ ಪುಸ್ತಕ ಪ್ರಕಟಿಸಿದರು. ಆದರೆ ರಕ್ತ ಕಾಲಿನ ಕಡೆಗೆ ಒಮ್ಮೆಲೇ ನುಗ್ಗದಂತೆ ತಡೆಯಲು ಇವು ಇವೆ ಎಂದು ಅವರು ಭಾವಿಸಿದ್ದರು. ಅವರಲ್ಲಿ ಕಲಿತ ಇಂಗ್ಲೆಂಡಿನ ವಿಲಿಯಂ ಹಾರ್ವೆ ಅದೇ ಕವಾಟಗಳನ್ನು ನೋಡಿ ಬೇರೆ ಪ್ರಶ್ನೆ ಕೇಳಿಕೊಂಡರು: ಎಲ್ಲ ಬಾಗಿಲುಗಳೂ ಹೃದಯದ ಕಡೆಗೇ ತೆರೆಯುತ್ತವೆ ಎಂದರೆ ರಕ್ತ ಆ ಕಡೆಗೆ ಮಾತ್ರ ಹೋಗುತ್ತಿರಬೇಕಲ್ಲವೇ? 1628ರಲ್ಲಿ ಅವರು ರಕ್ತ ದೇಹದಲ್ಲಿ ಸುತ್ತುತ್ತದೆ ಎಂದು ತೋರಿಸಿಕೊಟ್ಟರು. ಈ ಕವಾಟಗಳ ಜೋಡಣೆಯೇ ಹಾರ್ವೆಯವರನ್ನು ಆ ಯೋಚನೆಗೆ ಹಚ್ಚಿತೆಂದು ರಾಬರ್ಟ್ ಬಾಯ್ಲ್ ಮುಂದೆ ಬರೆದಿದ್ದಾರೆ. ನೋಡಿದ್ದು ಗುರು, ಅದರ ಕಾಯಕ ತಿಳಿದದ್ದು ಶಿಷ್ಯ.

ಹಾರ್ವೆ ಮಾಡಿದ ಪ್ರಯೋಗವನ್ನು ನೀವೂ ನಿಮ್ಮ ಕೈಯ ಮೇಲೆ ಮಾಡಬಹುದು (ಡ್ರಿಪ್ ಹಾಕಿದ ರೋಗಿಯ ಕೈಯ ಮೇಲೆ ಬೇಡ). ಕೈಯನ್ನು ಸ್ವಲ್ಪ ಹೊತ್ತು ಕೆಳಗೆ ಇಳಿಬಿಟ್ಟು ನೀಲಿ ನಾಳ ಉಬ್ಬಲು ಬಿಡಿ. ಮಣಿಕಟ್ಟಿನ ಕಡೆ ಒಂದು ಬೆರಳಿನಿಂದ ಅದನ್ನು ಒತ್ತಿ ಹಿಡಿದು, ಇನ್ನೊಂದು ಬೆರಳಿನಿಂದ ಮೊಣಕೈಯ ಕಡೆಗೆ ರಕ್ತವನ್ನು ಸವರಿಕೊಂಡು ಹೋಗಿ ಆ ಬೆರಳನ್ನು ಎತ್ತಿಬಿಡಿ. ನಡುವೆ ಕವಾಟವಿದ್ದರೆ ಅದರ ಕೆಳಗಿನ ಭಾಗ ಚಪ್ಪಟೆಯಾಗಿಯೇ ಉಳಿಯುತ್ತದೆ. ಮೇಲಿನ ರಕ್ತ ಹಿಂದಕ್ಕೆ ಬರುವುದಿಲ್ಲ. ಕೆಳಗಿನ ಬೆರಳು ತೆಗೆದೊಡನೆ ತುಂಬಿಕೊಳ್ಳುತ್ತದೆ.

ಕವಾಟ ಹಿಂದಕ್ಕೆ ಬಿಡುವುದಿಲ್ಲ ನಿಜ, ಆದರೆ ಮುಂದಕ್ಕೆ ದೂಡುವ ಬಲ ಅದಕ್ಕಿಲ್ಲ. ಕಾಲಿನ ರಕ್ತವನ್ನು ಮೇಲಕ್ಕೆ ದೂಡುವುದು ಬಹುಮಟ್ಟಿಗೆ ಮೀನಖಂಡದ ಸ್ನಾಯು. ಪ್ರತಿ ಹೆಜ್ಜೆಗೂ ಅದು ಬಿಗಿದು ಒಳಗಿನ ನಾಳಗಳನ್ನು ಹಿಂಡುತ್ತದೆ, ಕವಾಟಗಳು ಆ ರಕ್ತವನ್ನು ಮೇಲಕ್ಕೆ ಮಾತ್ರ ಬಿಡುತ್ತವೆ. ನಡಿಗೆ ನಿಂತರೆ ಈ ಪಂಪು ನಿಂತಿತು. ನಿಂತ ರಕ್ತ ಕವಾಟಗಳ ಜೇಬಿನಲ್ಲಿ ಹೆಪ್ಪುಗಟ್ಟಬಹುದು. ಆದ್ದರಿಂದಲೇ ಡಾಕ್ಟರು ಬೇಡ ಎನ್ನದಿದ್ದರೆ, ಎಚ್ಚರವಿದ್ದಾಗ ಗಂಟೆಗೊಮ್ಮೆಯಾದರೂ ಪಾದವನ್ನು ಮೇಲೆ ಕೆಳಗೆ ಹತ್ತಿಪ್ಪತ್ತು ಸಲ ಆಡಿಸಬೇಕು. ತಾವೇ ಆಡಿಸಲಾರದವರಿಗೆ ನೀವು ಆಡಿಸಿರಿ. ಆಪರೇಶನ್ ಆದ ಮರುದಿನವೇ ಎಬ್ಬಿಸಿ ನಡೆಸುವುದು ನಿರ್ದಯೆಯಿಂದಲ್ಲ.

ಇಲ್ಲಿ ಒಂದು ಎಚ್ಚರಿಕೆ ಬಹಳ ಮುಖ್ಯ. ಒಂದೇ ಕಾಲು ಬಾತು, ಮೀನಖಂಡ ನೋಯುತ್ತ, ಮುಟ್ಟಿದರೆ ಬೆಚ್ಚಗಿದ್ದರೆ ಅಲ್ಲಿ ಹೆಪ್ಪು ಇರಬಹುದು. ಪ್ರೀತಿಯಿಂದ ಕೊಬ್ಬರಿ ಎಣ್ಣೆ ಹಚ್ಚಿ ತಿಕ್ಕಿದರೆ ಹೆಪ್ಪು ಕಿತ್ತುಕೊಂಡು ರಕ್ತದೊಡನೆ ಹೃದಯಕ್ಕೆ, ಅಲ್ಲಿಂದ ಶ್ವಾಸಕೋಶಕ್ಕೆ ಹೋಗಿ ಸಿಕ್ಕಿಕೊಳ್ಳಬಹುದು. ಬಾಗಿಲುಗಳೆಲ್ಲ ಆ ಕಡೆಗೇ ತೆರೆಯುತ್ತವೆ ಎಂಬುದನ್ನು ನೆನಪಿಡಿ. ಅಂಥ ಕಾಲನ್ನು ತಿಕ್ಕದೆ, ಕಾವು ಕೊಡದೆ, ಕೂಡಲೇ ಸಿಸ್ಟರ್‌ಗೆ ತೋರಿಸಿರಿ. ಇದ್ದಕ್ಕಿದ್ದಂತೆ ಉಸಿರು ಕಟ್ಟಿದಂತಾದರೆ, ಎದೆ ನೋವು ಬಂದರೆ ರಾತ್ರಿ ಎಷ್ಟು ಹೊತ್ತಾದರೂ ಕೂಗಿ ಕರೆಯಿರಿ. ಮನೆಯಲ್ಲಿದ್ದರೆ 108ಕ್ಕೆ ಫೋನ್ ಮಾಡಿರಿ.

ಚರ್ಮ: ಭಾರ ಹೊರುವ ಚರ್ಮ ಬೇರೆ

ಅಂಗಾಲಿನ ಚರ್ಮವನ್ನೂ ಬೆನ್ನಿನ ಕೆಳಗೆ ಟೊಂಕದ ಎಲುಬಿನ ಮೇಲಿನ ಚರ್ಮವನ್ನೂ ಮುಟ್ಟಿ ನೋಡಿರಿ. ಅಂಗಾಲಿನ ಹೊರಪದರ ದಪ್ಪ. ಅದರ ಕೆಳಗೆ ಗಟ್ಟಿಯಾದ ನಾರಿನ ಗೋಡೆಗಳ ನಡುವೆ ಕೊಬ್ಬನ್ನು ತುಂಬಿಟ್ಟ ಸಣ್ಣ ಸಣ್ಣ ಖಾನೆಗಳಿವೆ, ಹೊಲಿದ ಗಾದಿಯ ಹಾಗೆ. ಇಡೀ ದೇಹದ ಭಾರವನ್ನು ಬದುಕಿನುದ್ದಕ್ಕೂ ಹೊರುವುದು ಅದರ ಕಾಯಕ. ಟೊಂಕದ ಎಲುಬಿನ ಮೇಲೆ ಅಂಥ ಗಾದಿ ಇಲ್ಲ. ಎಲುಬು, ಸ್ವಲ್ಪ ಕೊಬ್ಬು, ಚರ್ಮ, ಅಷ್ಟೇ. ಮಲಗಿಸಿದಾಗ ಭಾರ ಹೊರುವ ಕೆಲಸ ಅಂಗಾಲಿಗೆ ತಪ್ಪಿ, ಅದಕ್ಕೆ ತಯಾರಿಲ್ಲದ ಈ ಚರ್ಮಕ್ಕೆ ಬೀಳುತ್ತದೆ. ಹಿಮ್ಮಡಿಯ ಹಿಂಭಾಗ, ಮಗ್ಗುಲಲ್ಲಿ ಮಲಗಿದಾಗ ಚಪ್ಪೆಯ ಎಲುಬು, ಮೊಣಕೈ, ಕಿವಿ, ತಲೆಯ ಹಿಂಬದಿ, ಇವುಗಳದ್ದೂ ಇದೇ ಸ್ಥಿತಿ.

ಎಲುಬಿಗೂ ಹಾಸಿಗೆಗೂ ನಡುವೆ ಸಿಕ್ಕಿಕೊಂಡ ಕೂದಲೆಳೆಗಿಂತ ಸಣ್ಣ ರಕ್ತನಾಳಗಳು ಒತ್ತಿಹೋಗಿ ರಕ್ತ ನಿಲ್ಲುತ್ತದೆ. ಗಂಟೆಗಟ್ಟಲೆ ಹಾಗೆಯೇ ಉಳಿದರೆ ಮಾಂಸ ಸಾಯುತ್ತದೆ. ಒತ್ತಡ ಹೆಚ್ಚಿರುವುದು ಎಲುಬಿನ ಹತ್ತಿರವಾದ್ದರಿಂದ ಹಾನಿ ಎಷ್ಟೋ ಸಲ ಒಳಗಿನಿಂದ ಶುರುವಾಗುತ್ತದೆ. ಮೇಲೆ ರೂಪಾಯಿಯಷ್ಟು ಹುಣ್ಣು ಕಂಡರೆ ಒಳಗೆ ಮುಷ್ಟಿ ಹಿಡಿಸುವಷ್ಟು ಗುಳಿ ಇರಬಹುದು. ಆರೋಗ್ಯವಂತರಿಗೆ ಒತ್ತಿದ ಕಡೆ ನೋವಾಗುತ್ತದೆ, ಹೊರಳುತ್ತಾರೆ. ಲಕ್ವದವರಿಗೆ, ಬೆನ್ನುಹುರಿಗೆ ಪೆಟ್ಟಾದವರಿಗೆ ಆ ಸುದ್ದಿಯೇ ಮುಟ್ಟುವುದಿಲ್ಲ. ಮುಟ್ಟಿದರೂ ಹೊರಳಲು ಆಗುವುದಿಲ್ಲ. ಸಕ್ಕರೆ ಕಾಯಿಲೆ ಹಳೆಯದಾದವರ ಪಾದಗಳಲ್ಲಿ ಕೂಡ ಸ್ಪರ್ಶ ಕಡಿಮೆಯಾಗಿರುತ್ತದೆ.

ಎರಡು ಗಂಟೆಗೊಮ್ಮೆ ಮಗ್ಗಲು ಬದಲಿಸಿರಿ ಎನ್ನುವುದು ಇದಕ್ಕೆ. ಪೂರ್ತಿ ಒಂದು ಪಕ್ಕಕ್ಕೆ ತಿರುಗಿಸಿದರೆ ಚಪ್ಪೆಯ ಎಲುಬಿನ ಮೇಲೆ ಭಾರ ಬೀಳುತ್ತದೆ. ಬೆನ್ನಿನ ಹಿಂದೆ ದಿಂಬು ಕೊಟ್ಟು ಅರೆಬರೆ ವಾಲಿದಂತೆ ಮಲಗಿಸುವುದು ಉತ್ತಮ. ಎಳೆದು ಸರಿಸಬೇಡಿ, ಕೆಳಗೆ ಹಾಸಿದ ಚಾದರವನ್ನು ಇಬ್ಬರು ಎರಡೂ ಕಡೆ ಹಿಡಿದು ಎತ್ತಿ ಸರಿಸಿರಿ. ಹಿಮ್ಮಡಿ ಹಾಸಿಗೆಗೆ ತಾಗದಂತೆ ದಿಂಬನ್ನು ಮೀನಖಂಡದ ಕೆಳಗೆ ಉದ್ದಕ್ಕೆ ಇಡಿರಿ. ಟಯರಿನ ಟ್ಯೂಬಿನಂಥ ಬಳೆಯಾಕಾರದ ದಿಂಬು ತರಬೇಡಿ. ಅದು ಸುತ್ತಲಿನ ಚರ್ಮವನ್ನು ಒತ್ತಿ ನಡುವಿನ ಭಾಗಕ್ಕೆ ಬರುವ ರಕ್ತವನ್ನೇ ಕಡಿಮೆ ಮಾಡುತ್ತದೆ. ಗಾಳಿಹಾಸಿಗೆ ಒಳ್ಳೆಯದು, ಆದರೆ ಅದನ್ನು ತಂದ ಮೇಲೂ ಮಗ್ಗಲು ಬದಲಿಸುವುದು ತಪ್ಪುವುದಿಲ್ಲ. ಬೆನ್ನುಮೂಳೆ, ಚಪ್ಪೆಯ ಎಲುಬಿಗೆ ಪೆಟ್ಟಾದವರನ್ನು ಮಾತ್ರ ಸಿಸ್ಟರ್ ಇಲ್ಲದೆ ತಿರುಗಿಸಲೇಬಾರದು.

ಮೈಮೇಲಿನ ವಸ್ತುಗಳನ್ನೂ ನೋಡಿಕೊಳ್ಳಿರಿ. ತಿರುಗಿಸಿದಾಗ ಲಿಂಗದ ಕರಡಿಗೆ ಎದೆಯ ಅಡಿಗೋ ಪಕ್ಕೆಯ ಅಡಿಗೋ ಸಿಕ್ಕಿಕೊಂಡು ರಾತ್ರಿಯೆಲ್ಲ ಒತ್ತಿರುತ್ತದೆ. ತೆಗೆಯಬೇಕೆಂದಿಲ್ಲ. ಶಿವದಾರವನ್ನು ಸರಿಸಿ, ಕರಡಿಗೆ ಸದಾ ಮೇಲಿನ ಬದಿಗೆ ಬರುವಂತೆ ಇಟ್ಟರೆ ಆಯಿತು. ಸ್ಕ್ಯಾನಿಂಗ್‌ಗೆ, ಆಪರೇಶನ್‌ಗೆ ಹೋಗುವಾಗ ಅದನ್ನು ಏನು ಮಾಡಬೇಕೆಂದು ಅಲ್ಲಿಯವರು ಹೇಳುತ್ತಾರೆ. ಉಡಿದಾರಕ್ಕೆ ಕಟ್ಟಿದ ತಾಯತ, ಬೀಗದ ಕೈ, ಹಾಸಿಗೆಯಲ್ಲಿ ಬಿದ್ದು ಒಣಗಿದ ಅನ್ನದ ಅಗುಳು, ಚಾದರದ ನಿರಿಗೆ, ಇವು ಕೂಡ ನಿತ್ರಾಣವಾದ ಚರ್ಮಕ್ಕೆ ಕಲ್ಲಿನ ಹಾಗೆ.

ಮಗ್ಗಲು ಬದಲಿಸುವಾಗಲೆಲ್ಲ ಚರ್ಮ ನೋಡಿರಿ. ಕೆಂಪಾದ ಕಡೆ ಬೆರಳಿನಿಂದ ಒತ್ತಿ ಬಿಟ್ಟಾಗ ಒಮ್ಮೆ ಬಿಳಿಚಿ ಮತ್ತೆ ಕೆಂಪಾದರೆ ರಕ್ತ ಓಡಾಡುತ್ತಿದೆ. ಒತ್ತಿದರೂ ಕೆಂಪು ಕದಲದಿದ್ದರೆ ಹಾನಿ ಶುರುವಾಗಿದೆ. ನಮ್ಮಲ್ಲಿ ಹೆಚ್ಚಿನವರ ಬಣ್ಣ ಕಪ್ಪು ಇಲ್ಲವೇ ಎಣ್ಣೆಗೆಂಪಾದ್ದರಿಂದ ಕೆಂಪು ಎದ್ದು ಕಾಣುವುದಿಲ್ಲ. ಸುತ್ತಲಿಗಿಂತ ಕಪ್ಪಾಗಿದೆಯೇ, ಬಿಸಿಯಾಗಿದೆಯೇ, ಗಟ್ಟಿಯಾಗಿ ಇಲ್ಲವೇ ಮೆತ್ತಗಾಗಿ ಬದಲಾಗಿದೆಯೇ ಎಂದು ಕೈಯಿಂದ ನೋಡಬೇಕು. ಅಂಥ ಜಾಗವನ್ನು ತಿಕ್ಕಬೇಡಿ. ಸ್ಪಿರಿಟ್ ಹಚ್ಚಿ ಪೌಡರ್ ಹಾಕಿ ಬೆನ್ನು ತಿಕ್ಕುವುದನ್ನು ಹಿಂದೆ ನಮ್ಮ ಶುಶ್ರೂಷೆಯ ಪುಸ್ತಕಗಳೇ ಕಲಿಸುತ್ತಿದ್ದವು, ಹಳಬರು ಈಗಲೂ ಹೇಳುತ್ತಾರೆ. ಸ್ಪಿರಿಟ್ ಚರ್ಮವನ್ನು ಒಣಗಿಸುತ್ತದೆ, ತಿಕ್ಕುವುದು ಒಳಗೆ ಹರಿದ ನಾಳಗಳನ್ನು ಇನ್ನಷ್ಟು ಹರಿಯುತ್ತದೆ. ಈಗ ಅದನ್ನು ಬಿಟ್ಟಿದ್ದೇವೆ. ಆ ಜಾಗದ ಮೇಲೆ ಭಾರ ಬೀಳದಂತೆ ಮಾಡುವುದೇ ಮದ್ದು.

ಗಮನವಿಟ್ಟು ಓದಿದವರಿಗೆ ಇಲ್ಲಿ ಒಂದು ತೊಡಕು ಕಾಣಬೇಕು. ಗಂಟಲಿಗೆ, ಶ್ವಾಸಕೋಶಕ್ಕೆ ತಲೆಭಾಗ ಎತ್ತರವಿರಬೇಕು. ಆದರೆ ಎತ್ತರ ಮಾಡಿದಷ್ಟೂ ರೋಗಿ ಕೆಳಗೆ ಜಾರುತ್ತಾನೆ. ಚರ್ಮ ಚಾದರಕ್ಕೆ ಅಂಟಿಕೊಂಡು ಅಲ್ಲೇ ಉಳಿಯುತ್ತದೆ, ಒಳಗಿನ ಎಲುಬು ಜಾರುತ್ತದೆ, ನಡುವಿನ ನಾಳಗಳು ಎಳೆದು ಹರಿಯುತ್ತವೆ. ಒಂದು ಅಂಗಕ್ಕೆ ಒಪ್ಪಿದ್ದು ಇನ್ನೊಂದಕ್ಕೆ ಒಪ್ಪುವುದಿಲ್ಲ. ಇದಕ್ಕೆ ಒಂದೇ ಸೂತ್ರವಿಲ್ಲ. ಊಟದ ಹೊತ್ತಿಗೂ ಅದಾದ ಅರ್ಧ ಮುಕ್ಕಾಲು ಗಂಟೆಯವರೆಗೂ ಎತ್ತರವಿಟ್ಟು, ಆಮೇಲೆ 30 ಡಿಗ್ರಿಗೆ ಇಳಿಸಿರಿ. ಎತ್ತರ ಮಾಡುವ ಮೊದಲು ಮೊಣಕಾಲ ಕೆಳಗೆ ದಿಂಬು ಕೊಟ್ಟರೆ ಜಾರುವುದು ಕಡಿಮೆಯಾಗುತ್ತದೆ. ನಳಿಗೆಯಿಂದ ಸತತವಾಗಿ ಆಹಾರ ಹೋಗುತ್ತಿರುವವರಿಗೆ, ಏದುಸಿರು ಇರುವವರಿಗೆ ಎಷ್ಟು ಎತ್ತರವೆಂದು ಸಿಸ್ಟರ್‌ನ್ನೇ ಕೇಳಿರಿ.

ಮೂತ್ರದ ಚೀಲ

ಕೊನೆಗೆ ಸಣ್ಣ ವಿಷಯ. ಮೂತ್ರಪಿಂಡದಿಂದ ಬರುವ ನಾಳಗಳು ಮೂತ್ರಕೋಶದ ಗೋಡೆಯೊಳಗೆ ಓರೆಯಾಗಿ ಹಾದು ಒಳಸೇರುತ್ತವೆ. ಕೋಶ ತುಂಬಿದಂತೆ ಗೋಡೆ ಒತ್ತಿ ಆ ಬಾಯಿ ಮುಚ್ಚಿಕೊಳ್ಳುತ್ತದೆ, ಮೂತ್ರ ಹಿಂದಕ್ಕೆ ಹೋಗುವುದಿಲ್ಲ. ಕೆಳಗಿನ ದಾರಿ ಮಾತ್ರ ಹೆಂಗಸರಲ್ಲಿ ಸುಮಾರು 4 ಸೆಂಟಿಮೀಟರ್, ಗಂಡಸರಲ್ಲಿ ಸುಮಾರು 20 ಸೆಂಟಿಮೀಟರ್. ಹೆಂಗಸರಿಗೆ ಮೂತ್ರದ ಸೋಂಕು ಹೆಚ್ಚಾಗಿ ಆಗುವುದು ಈ ಗಿಡ್ಡ ದಾರಿಯಿಂದ. ಕ್ಯಾಥೆಟರ್ ಹಾಕಿದಾಗ ಯಾರಿಗೇ ಆದರೂ ಆ ದಾರಿ ಸದಾ ತೆರೆದೇ ಇರುತ್ತದೆ. ಚೀಲವನ್ನು ಹೊಟ್ಟೆಗಿಂತ ಎತ್ತರಕ್ಕೆ ಎತ್ತಿದರೆ ಹೊರಬಂದ ಮೂತ್ರ ಹಿಂದಕ್ಕೆ ಹರಿಯಬಹುದು. ರೋಗಿಯನ್ನು ಗಾಲಿಕುರ್ಚಿಗೆ ಎತ್ತುವಾಗ ಬಂಧುಗಳು ಚೀಲವನ್ನು ರೋಗಿಯ ಹೊಟ್ಟೆಯ ಮೇಲೆಯೇ ಇಟ್ಟುಬಿಡುತ್ತಾರೆ. ಹಾಗೆ ಮಾಡದೆ ಒಬ್ಬರು ಅದನ್ನು ಕೆಳಮಟ್ಟದಲ್ಲಿ ಹಿಡಿದುಕೊಂಡು ಜೊತೆಗೆ ನಡೆಯಿರಿ. ಮಂಚದಲ್ಲಿದ್ದಾಗ ಚೀಲ ಕೊಂಡಿಗೆ ತೂಗಿರಲಿ, ನೆಲಕ್ಕೆ ತಾಗದಿರಲಿ, ನಳಿಗೆ ಮೈಯ ಕೆಳಗೆ ಸಿಕ್ಕಿ ಮಡಚಿಕೊಂಡಿಲ್ಲವೆಂದು ಮಗ್ಗಲು ಬದಲಿಸಿದಾಗಲೆಲ್ಲ ನೋಡಿರಿ. ಚೀಲ ಮುಕ್ಕಾಲು ಭಾಗ ತುಂಬುವ ಮೊದಲೇ ಸಿಸ್ಟರ್‌ಗೆ ತಿಳಿಸಿರಿ. ಅಳತೆ ಬರೆದುಕೊಳ್ಳಬೇಕಾಗಿರುವುದರಿಂದ ನೀವಾಗಿಯೇ ಚೆಲ್ಲಬೇಡಿ.